ಮನೆ ತೋರಿಸುವ ಹಿಂದಿನ ದಿನ

ನಲ್ಲಿ ತಿರುಗಿಸಿದರೆ ನೀರಿಲ್ಲ. ಸ್ವಿಚ್ ಒತ್ತಿದರೆ ಕರೆಂಟಿಲ್ಲ. ಮನೆ ಖಾಲಿ ಇದೆಯಲ್ಲ ಅಂತ ಬಿಲ್ ಕಟ್ಟಿಲ್ಲ, ಫ್ಯೂಸ್ ಕಿತ್ತುಕೊಂಡು ಹೋಗಿದ್ದಾರೆ. ತಾರಸಿಯ ಬೀಗದ ಕೈ ಅಸೋಸಿಯೇಷನ್ ಕಾರ್ಯದರ್ಶಿಯ ಹತ್ತಿರ, ಅವರು ಊರಲ್ಲಿಲ್ಲ. ಇಂಥ ಮನೆಯನ್ನು ಮೂರು ಗಂಟೆ ಸುತ್ತಿದರೂ ನೋಡಿದ ಹಾಗಾಗುವುದಿಲ್ಲ. ಬಣ್ಣ ಮತ್ತು ಟೈಲ್ಸ್ ನೋಡಿ ಬಂದಿರಿ, ಅಷ್ಟೆ. ಕೊಳ್ಳುವ ಮುಂಚೆ ಮಾಡಿಸುವ ಮನೆ ಪರಿಶೀಲನೆ ಚೆನ್ನಾಗಿ ಆಗುತ್ತದೋ ಇಲ್ಲವೋ ಎಂಬುದು ಹಿಂದಿನ ದಿನವೇ ತೀರ್ಮಾನವಾಗಿರುತ್ತದೆ. ಇವತ್ತು ಅದನ್ನೇ ಮಾತಾಡೋಣ. ಇಲ್ಲಿ ಕೊಳ್ಳುವವರೂ ಇದ್ದೀರಿ, ಮಾರುವವರೂ ಇದ್ದೀರಿ. ಇದನ್ನು ಮಾರಿ ಅದನ್ನು ಕೊಳ್ಳುವವರಂತೂ ಎರಡೂ ಕಡೆ ಕೂತಿದ್ದೀರಿ.

ಒಂದು ವಿಷಯ ಬೇರೆ ಮಾಡಿಬಿಡುತ್ತೇನೆ. ಖಾತೆ, ಇಸಿ (ಋಣಭಾರ ಪತ್ರ), ಮೂಲಪತ್ರ, ಓಸಿ (ವಾಸಕ್ಕೆ ಯೋಗ್ಯ ಎಂಬ ಪತ್ರ) ಇವೆಲ್ಲ ವಕೀಲರ ಕೆಲಸ. ನಾನು ಹೇಳುತ್ತಿರುವುದು ಗೋಡೆ, ಪೈಪು, ವೈರುಗಳ ಕಥೆ. ಕಾಗದ ಪಕ್ಕಾ ಇದ್ದ ಮಾತ್ರಕ್ಕೆ ಬಚ್ಚಲು ಸೋರುವುದು ನಿಲ್ಲುವುದಿಲ್ಲ. ಇನ್ನೊಂದು, ಮನೆ ಪರಿಶೀಲಿಸುವವರಿಗೆಂದೇ ನಮ್ಮಲ್ಲಿ ಪ್ರತ್ಯೇಕ ಸರ್ಕಾರಿ ಲೈಸೆನ್ಸ್ ಇಲ್ಲ. ಕಂಪನಿಯವರನ್ನೇ ಕರೆಸಿ, ಪರಿಚಯದ ಸಿವಿಲ್ ಎಂಜಿನಿಯರನ್ನೇ ಕರೆಸಿ, ಅವರು ಹಿಂದೆ ಬರೆದ ಒಂದು ವರದಿಯನ್ನು ಮೊದಲೇ ಕೇಳಿ ಓದಿ. ‘ತೇವ ಕಂಡುಬಂದಿದೆ’ ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದರೆ ಅವರು ಬೇಡ. ಯಾವ ಗೋಡೆ, ನೆಲದಿಂದ ಎಷ್ಟು ಎತ್ತರ, ಯಾವ ಪೈಪಿನ ಹಿಂದೆ, ಇಷ್ಟು ಬರೆದವರು ಬೇಕು.

ಯಾವಾಗ ಮಾಡಿಸಬೇಕು? ಟೋಕನ್ ಕೊಟ್ಟ ಮೇಲೆ, ಕ್ರಯದ ಕರಾರು ಬರೆಯುವ ಮುಂಚೆ. ಕರಾರು ಮುಗಿದು, ಬ್ಯಾಂಕಿನವರು ಸಾಲ ಮಂಜೂರು ಮಾಡಿ, ನೋಂದಣಿಗೆ ವಾರ ಉಳಿದಾಗ ದೋಷ ಸಿಕ್ಕರೆ ನಿಮ್ಮ ಕೈಯಲ್ಲಿ ವರದಿ ಇರುತ್ತದೆ, ಚೌಕಾಸಿಗೆ ಜಾಗ ಇರುವುದಿಲ್ಲ. ಬೆಂಗಳೂರಿನಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ಕೊಳ್ಳುವವರು ಪುಣ್ಯವಂತರು. ಮನೆ ತಾನೇ ಬಾಯಿಬಿಡುತ್ತದೆ. ಮಾರ್ಚ್‌ನಲ್ಲಿ ನೋಡುವವರು ಬೇರೆ ಗುರುತುಗಳಿಂದ ಊಹಿಸಬೇಕು, ಅದಕ್ಕೆ ಆಮೇಲೆ ಬರುತ್ತೇನೆ.

ಮಾರುವವರಿಗೆ ಮೊದಲು ಹೇಳುತ್ತೇನೆ, ಯಾಕೆಂದರೆ ಹಿಂದಿನ ದಿನದ ಕೆಲಸವೆಲ್ಲ ನಿಮ್ಮದೇ.

ಓವರ್‌ಹೆಡ್ ಟ್ಯಾಂಕ್ ತುಂಬಿಸಿ. ರಾತ್ರಿ ಎಲ್ಲರೂ ಮಲಗುವ ಹೊತ್ತಿಗೆ ಮೋಟಾರ್ ನಿಲ್ಲಿಸಿ, ಟ್ಯಾಂಕಿನ ಬಾಯಿಂದ ನೀರಿನ ಮಟ್ಟಕ್ಕೆ ಎಷ್ಟು ಅಂತರ ಇದೆ ಎಂದು ಟೇಪಿನಲ್ಲಿ ಅಳೆದು ಬರೆದಿಡಿ. ಬೆಳಿಗ್ಗೆ ಯಾರೂ ನಲ್ಲಿ ಮುಟ್ಟುವ ಮುಂಚೆ ಮತ್ತೆ ಅಳೆಯಿರಿ. ಸಾವಿರ ಲೀಟರಿನ ದುಂಡು ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಇಳಿದಿದೆ ಎಂದರೆ ಸುಮಾರು ಎಂಟು, ಹತ್ತು ಲೀಟರ್ ಎಲ್ಲಿಗೋ ಹೋಗಿದೆ. ಹೆಚ್ಚಿನ ಸಲ ಅದು ಕಮೋಡಿನ ಫ್ಲಶ್ ಟ್ಯಾಂಕಿನಿಂದ. ಅದನ್ನು ಹಿಡಿಯಲು ಉಪಕರಣ ಬೇಡ: ಕೇಸರಿಬಾತಿಗೆ ಹಾಕುವ ಬಣ್ಣವನ್ನು ಚಿಟಿಕೆಯಷ್ಟು ಫ್ಲಶ್ ಟ್ಯಾಂಕಿಗೆ ಹಾಕಿ, ಇಪ್ಪತ್ತು ನಿಮಿಷ ಫ್ಲಶ್ ಮಾಡಬೇಡಿ. ಕಮೋಡಿನೊಳಗೆ ಬಣ್ಣ ಇಳಿದಿದ್ದರೆ ಒಳಗಿನ ವಾಷರ್ ಹೋಗಿದೆ. ಸಣ್ಣ ರಿಪೇರಿ. ಆದರೆ ವರದಿಯಲ್ಲಿ ‘ನೀರು ಸೋರಿಕೆ’ ಎಂಬ ಎರಡು ಪದ ಬಂದರೆ ಕೊಳ್ಳುವವರ ಮನೆಯಲ್ಲಿ ಆ ರಾತ್ರಿ ಅದೇ ಮಾತು.

ಕೆಟ್ಟ ಬಲ್ಬುಗಳನ್ನೆಲ್ಲ ಬದಲಿಸಿ. ದೀಪ ಹತ್ತದಿದ್ದರೆ ಬಲ್ಬ್ ಹೋಗಿದೆಯೋ ವೈರ್ ಹೋಗಿದೆಯೋ ಪರಿಶೀಲಕರಿಗೆ ಗೊತ್ತಾಗುವುದಿಲ್ಲ, ಅವರು ‘ಪಾಯಿಂಟ್ ಕೆಲಸ ಮಾಡುತ್ತಿಲ್ಲ’ ಎಂದೇ ಬರೆಯುತ್ತಾರೆ. ಬಳಸದ ಬಚ್ಚಲಿದ್ದರೆ ಅದರ ನೆಲದ ಜಾಲರಿಗೆ ಒಂದು ಬಕೆಟ್ ನೀರು ಸುರಿಯಿರಿ. ಆ ಜಾಲರಿಯ ಕೆಳಗಿನ ನಹಾನಿ ಟ್ರ್ಯಾಪಿನಲ್ಲಿ ಸುಮಾರು 50 ಮಿಲಿಮೀಟರ್ ನೀರು ನಿಂತಿರಬೇಕು. ಮೋರಿಯ ವಾಸನೆಯನ್ನು ತಡೆಯುವುದು ಆ ನೀರೇ. ಮನೆ ಬೀಗ ಹಾಕಿದ್ದರೆ ಕೆಲವೇ ವಾರಗಳಲ್ಲಿ ಅದು ಆರಿಹೋಗುತ್ತದೆ, ಬಾಗಿಲು ತೆಗೆದವರ ಮೂಗಿಗೆ ಮೊದಲು ಬಡಿಯುವುದು ಅದೇ.

ಹೊರಗೋಡೆಗೆ ಒರಗಿಸಿದ ಬೀರು, ಮಂಚಗಳನ್ನು ಒಂದು ಅಡಿ ಮುಂದೆ ಎಳೆಯಿರಿ. ಅಡುಗೆಮನೆ ಸಿಂಕಿನ ಕೆಳಗಿನ ಕಪಾಟು ಖಾಲಿ ಇರಲಿ, ಅಟ್ಟದ ಮೇಲಿನ ಹಳೆ ಪಾತ್ರೆ, ಸೂಟ್‌ಕೇಸುಗಳು ಕೆಳಗಿಳಿಯಲಿ, ಒಂದು ಏಣಿ ಇರಲಿ. ಎಂಸಿಬಿ, ಅಂದರೆ ಕರೆಂಟು ಹೆಚ್ಚು ಹರಿದರೆ ತಾನೇ ಬೀಳುವ ಸ್ವಿಚ್ಚುಗಳ ಡಬ್ಬಿಯ ಮುಂದೆ ಚಪ್ಪಲಿ ಸ್ಟ್ಯಾಂಡ್ ಬೇಡ. ತಾರಸಿ, ಪೈಪಿನ ಡಕ್ಟ್, ಮೀಟರ್ ಕೋಣೆ, ಸಂಪಿನ ಮುಚ್ಚಳ, ಈ ನಾಲ್ಕರ ಬೀಗದ ಕೈ ಹಿಂದಿನ ದಿನವೇ ನಿಮ್ಮ ಕೈಲಿರಲಿ. ಬಾಡಿಗೆದಾರರಿದ್ದರೆ ಅವರಿಗೆ ಮುಂಚಿತವಾಗಿ ತಿಳಿಸಿ. ಅವರ ಮನೆಯೊಳಗೆ ಅಪರಿಚಿತರನ್ನು ಕರೆತರುತ್ತಿದ್ದೀರಿ ಎಂಬುದು ನೆನಪಿರಲಿ. ಕೆಳಗಿನ ಮನೆಯವರಿಗೂ ಒಂದು ಮಾತು ಹೇಳಿಡಿ, ಅವರ ಬಚ್ಚಲಿನ ಚಾವಣಿ ನೋಡಬೇಕಾಗುತ್ತದೆ. ಜಲನಿರೋಧಕ ಕೆಲಸದ ಗ್ಯಾರಂಟಿ ಪತ್ರ, ಗೆದ್ದಲು ಔಷಧಿಯ ಬಿಲ್, ಮಂಜೂರಾದ ನಕ್ಷೆ, ಇತ್ತೀಚಿನ ಕರೆಂಟ್ ಬಿಲ್ ಎಲ್ಲ ಒಂದು ಫೈಲಿನಲ್ಲಿರಲಿ.

ಈಗ ಮಾಡಬಾರದ್ದು: ಬಣ್ಣ ಹೊಡೆಸಬೇಡಿ. ಮನೆ ತೋರಿಸಬೇಕು ಎಂದ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ ಇದೇ. ಹಸಿ ಗೋಡೆಯ ಮೇಲೆ ಪುಟ್ಟಿ ಎಳೆದು ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಒಳಗಿನ ತೇವಕ್ಕೆ ಹೊರಗೆ ಬರಲು ದಾರಿಯಿಲ್ಲ. ಕೆಲವೇ ವಾರಗಳಲ್ಲಿ ಬಣ್ಣ ಗುಳ್ಳೆ ಎದ್ದು ಹಪ್ಪಳವಾಗುತ್ತದೆ. ಅಷ್ಟರೊಳಗೆ ಮಾರಿ ಕೈ ತೊಳೆದುಕೊಳ್ಳಬಹುದು ಎನ್ನುವ ಲೆಕ್ಕಾಚಾರ ಇದ್ದರೆ ಒಂದು ಕಾನೂನು ತಿಳಿದಿರಲಿ. 1882ರ ಆಸ್ತಿ ವರ್ಗಾವಣೆ ಅಧಿನಿಯಮದ 55ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಏನೂ ಬರೆದುಕೊಳ್ಳದಿದ್ದರೆ, ನಿಮಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ನೀವೇ ತಿಳಿಸಬೇಕು. ತಿಳಿಸದಿರುವುದನ್ನು ಅದೇ ಕಲಂ ‘ವಂಚನೆ’ ಎಂದು ಕರೆಯುತ್ತದೆ. ಕೊಳ್ಳುವವರೂ ಗಮನಿಸಿ, ‘ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ’ ಎಂದಿದೆ. ಕಣ್ಣೆದುರಿಗೇ ಇದ್ದ ಬಿರುಕನ್ನು ನೋಡದೆ ಬಂದು ಆಮೇಲೆ ಈ ಕಲಂ ಹಿಡಿದು ಓಡಾಡಿದರೆ ಪ್ರಯೋಜನವಿಲ್ಲ. ನೋಡುವ ಹೊಣೆ ನಿಮ್ಮದು, ಮುಚ್ಚಿಡದಿರುವ ಹೊಣೆ ಅವರದು.

ಹಾಗಾದರೆ ಮಾರುವವರು ಏನು ಮಾಡಬೇಕು? ಸೋರಿಕೆ ಇದ್ದರೆ ಮೂಲ ಸರಿಮಾಡಿಸಿ, ಗಾರೆ ಕೆಡವಿದ ಜಾಗವನ್ನು ಹಾಗೇ ಒಣಗಲು ಬಿಡಿ. ಏನಾಗಿತ್ತು, ಯಾರು ರಿಪೇರಿ ಮಾಡಿದರು, ಯಾವಾಗ, ಫೋಟೋ ಸಮೇತ ತೋರಿಸಿ. ಮುಚ್ಚಿಟ್ಟ ಕಲೆಗಿಂತ ಹೇಳಿದ ರಿಪೇರಿಗೆ ಬೆಲೆ ಕಡಿಮೆ ಕಳೆಯುತ್ತಾರೆ.

ಕೊಳ್ಳುವವರ ಚೀಲಕ್ಕೆ ಬರೋಣ. ಒಳ್ಳೆಯ ಟಾರ್ಚು, ಟೇಪು, ಮೂರು ಪಿನ್ನಿನ ಸಾಕೆಟ್ ಟೆಸ್ಟರ್, ಒಂದು ನಾಣ್ಯ, ಒಂದೆರಡು ಗೋಲಿ, ಪೆನ್ಸಿಲ್, ಮನೆಯ ನಕ್ಷೆಯ ಪ್ರತಿ. ಸಿಕ್ಕಿದ್ದನ್ನೆಲ್ಲ ಆ ನಕ್ಷೆಯ ಮೇಲೇ ಗುರುತು ಮಾಡಿ. ಫೋನಿನಲ್ಲಿ ಮುನ್ನೂರು ಫೋಟೋ ತೆಗೆದರೆ ಸಂಜೆಗೆ ಯಾವ ಗೋಡೆ ಯಾವ ಕೋಣೆಯದು ಎಂದು ತಿಳಿಯುವುದಿಲ್ಲ. ಎರಡು ಮಲಗುವ ಕೋಣೆಯ ಫ್ಲ್ಯಾಟಿಗೆ ಮೂರು ಗಂಟೆ ಹಗಲು ಬೆಳಕು ಇಟ್ಟುಕೊಳ್ಳಿ. ಈಶಾನ್ಯ ಮೂಲೆ ನೋಡಲು ಫೋನಿನಲ್ಲಿ ದಿಕ್ಸೂಚಿ ತೆರೆಯುವವರು ಬಹಳ ಜನ. ನೋಡಲಿ, ಬೇಡ ಎನ್ನುವುದಿಲ್ಲ. ಅದೇ ಫೋನಿನಲ್ಲಿ ಟಾರ್ಚೂ ಇದೆ, ಸಿಂಕಿನ ಕೆಳಗೂ ಒಮ್ಮೆ ಬಿಡಿ.

ಮನೆಯಲ್ಲಿ ಕಾಣುವ ತೇವವೆಲ್ಲ ಒಂದೇ ಅಲ್ಲ. ನೆಲಮಹಡಿಯಲ್ಲಿ ಗೋಡೆಯ ಬುಡದಿಂದ ಮೂರು ಅಡಿಯವರೆಗೆ ಅಡ್ಡಕ್ಕೆ ಗೆರೆ ಎಳೆದಂತೆ ಕಲೆ, ಅದರ ಮೇಲೆ ಬಿಳಿ ಉಪ್ಪಿನ ಪುಡಿ ಇದ್ದರೆ ಅದು ನೆಲದಿಂದ ಏರುತ್ತಿರುವ ನೀರು. ತಳಪಾಯದ ಮೇಲಿನ ತೇವ ತಡೆಯುವ ಪದರ ಇಲ್ಲ ಅಥವಾ ಒಡೆದಿದೆ. ಕಿಟಕಿಯ ಕೆಳ ಮೂಲೆಯಲ್ಲಿ, ಸಜ್ಜಾ ಗೋಡೆಗೆ ಸೇರುವಲ್ಲಿ ಕಲೆ ಇದ್ದರೆ ಮಳೆನೀರು. ಬೇಸಿಗೆಯಲ್ಲಿ ಅದು ಒಣಗಿ ಕಂದು ಅಂಚು ಮಾತ್ರ ಉಳಿದಿರುತ್ತದೆ. ಮಾರ್ಚ್‌ನಲ್ಲಿ ನೋಡುವವರು ಹುಡುಕಬೇಕಾದ್ದು ಆ ಅಂಚನ್ನು. ಬೀರುವಿನ ಹಿಂದೆ, ಮೂಲೆಯಲ್ಲಿ ಕಪ್ಪು ಬೂಷ್ಟು ಇದ್ದು ಉಪ್ಪು ಇಲ್ಲದಿದ್ದರೆ ಹೆಚ್ಚಾಗಿ ಗಾಳಿಯಾಡದ್ದೇ ಕಾರಣ, ಕಿಟಕಿ ತೆರೆದರೆ ಹೋಗುವಂಥದ್ದು. ಋತುಮಾನವೇ ಇಲ್ಲದೆ ವರ್ಷವಿಡೀ ಹಸಿ ಇದ್ದರೆ ಪೈಪು. ಅದರಲ್ಲೂ ಎರಡು ಬಗೆ: ಸದಾ ಒಂದೇ ಸಮ ಹಸಿ ಇದ್ದರೆ ನಲ್ಲಿಗೆ ಬರುವ ಪೈಪು ಎಂಬ ಅನುಮಾನ, ಬೆಳಗಿನ ಸ್ನಾನದ ನಂತರ ಹೆಚ್ಚಿ ಸಂಜೆಗೆ ಇಳಿದರೆ ಹೊರಹೋಗುವ ಪೈಪು ಇಲ್ಲವೇ ಬಚ್ಚಲ ನೆಲ.

ಈ ಬಚ್ಚಲ ನೆಲದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಫ್ಲ್ಯಾಟುಗಳಲ್ಲಿ ಅಕ್ಕಪಕ್ಕದವರ ಜಗಳದ ಮೂಲವೇ ಅದು. ನಮ್ಮ ಬಹಳಷ್ಟು ಕಟ್ಟಡಗಳಲ್ಲಿ ಬಚ್ಚಲಿನ ಸ್ಲ್ಯಾಬನ್ನು ಉಳಿದ ಮನೆಗಿಂತ ಎಂಟರಿಂದ ಹನ್ನೆರಡು ಇಂಚು ತಗ್ಗಿಸಿ ಹಾಕುತ್ತಾರೆ. ಆ ತೊಟ್ಟಿಯಲ್ಲಿ ಪೈಪುಗಳನ್ನು ಕೂರಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್. ಇದಕ್ಕೇ ಸಂಕನ್ ಸ್ಲ್ಯಾಬ್ ಎನ್ನುವುದು. ಟೈಲ್ಸಿನ ಸಂದಿಯ ಗ್ರೌಟ್ ಹೋದರೆ, ಕಮೋಡಿನ ಪೈಪಿನ ಜಾಯಿಂಟ್ ಸಡಿಲವಾದರೆ ನೀರು ಆ ತೊಟ್ಟಿಗೆ ಇಳಿಯುತ್ತದೆ. ತೊಟ್ಟಿಯ ಜಲನಿರೋಧಕ ಪದರ ಗಟ್ಟಿಯಿದ್ದರೆ ನೀರು ಅಲ್ಲೇ ತುಂಬುತ್ತಾ ಹೋಗಿ ಪಕ್ಕದ ಮಲಗುವ ಕೋಣೆಯ ಗೋಡೆಯ ಬುಡದಲ್ಲಿ, ಸ್ಕರ್ಟಿಂಗ್ ಮೇಲೆ ಹಸಿಯಾಗಿ ತೋರುತ್ತದೆ. ಪದರ ಒಡೆದಿದ್ದರೆ ಕೆಳಗಿನ ಮನೆಯ ಚಾವಣಿಗೆ. ಅಂದರೆ ಬಚ್ಚಲ ಒಳಗೆ ನಿಂತು ನೋಡಿದರೆ ಈ ದೋಷ ಎಂದೂ ಕಾಣುವುದಿಲ್ಲ. ಬಚ್ಚಲಿನ ಪ್ರತಿ ಗೋಡೆಯ ಆಚೆ ಬದಿಗೆ ಹೋಗಿ ಬುಡ ಮುಟ್ಟಿ, ಆಮೇಲೆ ಕೆಳಗಿನ ಮನೆಗೆ ಹೋಗಿ ತಲೆಯೆತ್ತಿ.

ಅನುಮಾನ ಬಂದರೆ ನೀರು ನಿಲ್ಲಿಸುವ ಪರೀಕ್ಷೆ. ಜಾಲರಿಯ ಬಾಯಿಗೆ ಬಟ್ಟೆ ತುರುಕಿ, ಬಾಗಿಲ ಹತ್ತಿರ ಸಿಮೆಂಟಿನ ಸಣ್ಣ ಕಟ್ಟೆ ಕಟ್ಟಿ, ಒಂದು ಇಂಚು ನೀರು ನಿಲ್ಲಿಸಿ ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿ 24 ಗಂಟೆ ಬಿಡಬೇಕು. ವಾಸವಿರುವ ಮನೆಯಲ್ಲಿ ಇದಕ್ಕೆ ಮಾಲೀಕರ ಒಪ್ಪಿಗೆ ಬೇಕು; ಮಾರುವವರು ‘ಇನ್ನೊಂದು ಬಚ್ಚಲು ಇದೆ, ಮಾಡಿಕೊಳ್ಳಿ’ ಎಂದರೆ ಅದೇ ಅರ್ಧ ಸಮಾಧಾನ. ನೆಲದ ಇಳಿಜಾರು ನೋಡಲು ಒಂದು ಬಕೆಟ್ ಸುರಿದರೆ ಸಾಕು: ನೀರು ಜಾಲರಿಯ ಕಡೆಗೆ ಹರಿಯಬೇಕು, ಬಾಗಿಲ ಕಡೆಗಲ್ಲ. ಗೋಲಿ ಬಿಟ್ಟು ನೋಡುವುದು ಬಾಲ್ಕನಿಗೆ ಒಳ್ಳೆಯದು.

ಮೇಲಿನ ಮಹಡಿ ಕೊಳ್ಳುವವರು ತಾರಸಿ ಹತ್ತಲೇಬೇಕು. ಮಳೆನೀರು ಇಳಿಯುವ ಪೈಪಿನ ಬಾಯಿಯ ಸುತ್ತ, ಪ್ಯಾರಪೆಟ್ ಗೋಡೆ ನೆಲಕ್ಕೆ ಸೇರುವ ಮೂಲೆ, ಸೋಲಾರ್ ಹೀಟರಿನ ಕಾಲು ಊರಿದ ಜಾಗ, ಕೇಬಲ್‌ನವರು ಡ್ರಿಲ್ ಹೊಡೆದ ತೂತು: ಸೋರಿಕೆ ಶುರುವಾಗುವುದು ಇಲ್ಲೇ. ಪಾಚಿಯ ಕಪ್ಪು ವೃತ್ತ ಕಂಡರೆ ಅಲ್ಲಿ ನೀರು ದಿನಗಟ್ಟಲೆ ನಿಲ್ಲುತ್ತದೆ ಎಂದರ್ಥ.

ನೀರು ಸೋರುವುದು ಒಂದು ಕಷ್ಟವಾದರೆ ನೀರೇ ಇಲ್ಲದಿರುವುದು ಇನ್ನೊಂದು. ಕಾವೇರಿ ಸಂಪರ್ಕ ಇದೆಯೇ, ಬೋರ್‌ವೆಲ್ ಎಷ್ಟು ಗಂಟೆ ಓಡುತ್ತದೆ ಎಂದು ಕೇಳಿದರೆ ‘ನೀರಿಗೇನೂ ತೊಂದರೆಯಿಲ್ಲ’ ಎಂಬ ಉತ್ತರ ಬರುತ್ತದೆ. ಹಾಗೆ ಕೇಳಬೇಡಿ. 2024ರ ಮಾರ್ಚ್, ಏಪ್ರಿಲ್, ಮೇ ತಿಂಗಳ ನಿರ್ವಹಣಾ ಲೆಕ್ಕ ತೋರಿಸಿ ಎನ್ನಿ. ಬೆಂಗಳೂರು ಟ್ಯಾಂಕರಿಗಾಗಿ ಪರದಾಡಿದ ಬೇಸಿಗೆ ಅದು, ಆ ಮೂರು ಬಿಲ್ಲುಗಳಲ್ಲಿ ಸತ್ಯ ಇರುತ್ತದೆ. ಬೋರ್‌ವೆಲ್ ನೀರಾದರೆ ಪುಟ್ಟ ಮೀಟರಿನಲ್ಲಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ ಅಳೆಯಿರಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 2000ದವರೆಗೆ. ಆ ಪುಟ್ಟ ಮೀಟರ್ ನೀರಿನಲ್ಲಿ ರೋಗಾಣು ಇದೆಯೇ, ನೈಟ್ರೇಟ್ ಇದೆಯೇ ಹೇಳುವುದಿಲ್ಲ. ಅದಕ್ಕೆ ಪ್ರಯೋಗಾಲಯಕ್ಕೇ ಕೊಡಬೇಕು.

ಬಿರುಕು ಕಂಡ ಕೂಡಲೇ ಗಾಬರಿ ಬೇಡ. ಕೂದಲೆಳೆಯಂಥ, ಜೇಡರಬಲೆಯಂತೆ ಹರಡಿದ ಬಿರುಕುಗಳು ಗಾರೆ ಒಣಗುವಾಗ ಬಂದವು. ಪಿಲ್ಲರ್ ಮತ್ತು ಗೋಡೆ ಸೇರುವಲ್ಲಿ ನೆಟ್ಟಗೆ ಇಳಿದ ಗೆರೆ ಕಂಡರೆ, ಅಲ್ಲಿ ಗಾರೆಗೆ ಮುಂಚೆ ತಂತಿಯ ಕೋಳಿಬಲೆ ಹಾಕಿಲ್ಲ ಎಂದುಕೊಳ್ಳಿ; ನೋಡಲು ಕೆಟ್ಟದು, ಮನೆ ಬೀಳುವುದಿಲ್ಲ. ನಿಲ್ಲಬೇಕಾದ್ದು ಬೇರೆ ಕಡೆ. ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ ಹೊರಟದ್ದು. ಇಟ್ಟಿಗೆ ಸಾಲಿನ ಮೆಟ್ಟಿಲಿನಂತೆ ಇಳಿದದ್ದು. ತೊಲೆಯ ಕೆಳಗೆ ಉದ್ದುದ್ದ, ಕಂದು ಬಣ್ಣ ಇಳಿಸಿಕೊಂಡು ಹೋದದ್ದು. ಈ ಕೊನೆಯದರಲ್ಲಿ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಸೀಳುತ್ತಿದೆ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಇದು ಬೇಗ ಬರುತ್ತದೆ. ಎಟಿಎಂ ಕಾರ್ಡಿನ ಅಂಚು ಸುಮಾರು ಮುಕ್ಕಾಲು ಮಿಲಿಮೀಟರ್ ದಪ್ಪ. ಅದು ಬಿರುಕಿನೊಳಗೆ ಹೋದರೆ ಮೇಸ್ತ್ರಿಯ ಅಭಿಪ್ರಾಯ ಸಾಲದು, ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ.

ಕರೆಂಟಿನಲ್ಲಿ ಮೊದಲು ಆರ್‌ಸಿಸಿಬಿ ಇದೆಯೇ ನೋಡಿ. ಷಾಕ್ ಹೊಡೆದಾಗ ಜೀವ ಉಳಿಸುವುದು ಅದು, ಮೇಲೆ 30 ಎಂಎ (ಮಿಲಿಆಂಪ್) ಎಂದು ಬರೆದಿರಬೇಕು. ಅದರ ಟೆಸ್ಟ್ ಗುಂಡಿ ಒತ್ತಿದರೆ ತಟ್ಟನೆ ಬೀಳಬೇಕು. ಒತ್ತುವ ಮುಂಚೆ ಮಾಲೀಕರಿಗೆ ಹೇಳಿ, ಕಂಪ್ಯೂಟರಿನಲ್ಲಿ ಯಾರೋ ಮೀಟಿಂಗಿನಲ್ಲಿರಬಹುದು. ಆಮೇಲೆ ಎಂಸಿಬಿ ಮತ್ತು ವೈರಿನ ಜೋಡಿ. ಎಂಸಿಬಿ ಮತ್ತೆ ಮತ್ತೆ ಬೀಳುತ್ತದೆ ಎಂದು ಯಾರೋ 16 ಆಂಪ್ ತೆಗೆದು 32 ಹಾಕಿರುತ್ತಾರೆ, ವೈರು ಮಾತ್ರ ಹಳೆಯ 2.5 ಚದರ ಮಿಲಿಮೀಟರಿನದೇ. ಈಗ ಎಂಸಿಬಿ ಬೀಳುವುದಿಲ್ಲ, ಅದಕ್ಕೆ ಮುಂಚೆ ಗೋಡೆಯೊಳಗೆ ವೈರು ಬಿಸಿಯಾಗುತ್ತದೆ. ಗೀಸರನ್ನು ಇಪ್ಪತ್ತು ನಿಮಿಷ ಹಾಕಿ, ಸ್ವಿಚ್ ಆರಿಸಿ, ಪ್ಲಗ್ ಮುಟ್ಟಿ. ಬಿಸಿ ಹತ್ತಿದ್ದರೆ ಸಾಕೆಟ್ಟಿನಲ್ಲಿ ಹಿಡಿತವಿಲ್ಲ. ಸಾಕೆಟ್ ಟೆಸ್ಟರ್ ಅರ್ಥಿಂಗ್ ಇಲ್ಲದ್ದನ್ನು ತೋರಿಸುತ್ತದೆ, ಆದರೆ ನ್ಯೂಟ್ರಲ್ ಮತ್ತು ಅರ್ಥ್ ಅದಲುಬದಲಾದರೆ ಅದಕ್ಕೆ ಗೊತ್ತಾಗುವುದಿಲ್ಲ. ಇನ್ವರ್ಟರ್ ಇದ್ದ ಮನೆಯಲ್ಲಿ ಮುಖ್ಯ ಕರೆಂಟು ಆರಿಸಿ, ಇನ್ವರ್ಟರಿನಲ್ಲೂ ಒಮ್ಮೆ ಎಲ್ಲ ಸಾಕೆಟ್ ನೋಡಿ.

ಟೈಲ್ಸನ್ನು ನಾಣ್ಯದಿಂದ ಕುಟ್ಟಿ, ಡಬ್ಬಿಯ ಸದ್ದು ಬಂದರೆ ಅಡಿಯಲ್ಲಿ ಪೊಳ್ಳು. ಬಾಗಿಲು ಕಿಟಕಿ ತೆರೆದು ಮುಚ್ಚಿ. ಹಳೆಯ ಹೆಂಚಿನ ಮನೆಯಾದರೆ ಬೇರೆ ಕಣ್ಣು ಬೇಕು: ಬಾಗಿಲ ಚೌಕಟ್ಟಿನ ಬುಡ, ಜಂತಿ ಗೋಡೆಯೊಳಗೆ ಹೋಗುವ ತುದಿ, ಇಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಬೆಣ್ಣೆಯಂತೆ ಇಳಿದರೆ ಗೆದ್ದಲು ಊಟ ಮುಗಿಸಿದೆ.

ಅಳತೆ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಪ್ರಕಾರ ಕಾರ್ಪೆಟ್ ಏರಿಯಾದಲ್ಲಿ (ಮನೆಯೊಳಗೆ ಬಳಸಲು ಸಿಗುವ ಜಾಗ) ಮನೆಯೊಳಗಿನ ಅಡ್ಡಗೋಡೆಗಳೂ ಸೇರುತ್ತವೆ. ಹೊರಗೋಡೆ, ಡಕ್ಟ್, ಬಾಲ್ಕನಿ ಸೇರುವುದಿಲ್ಲ. ಕೋಣೆ ಕೋಣೆ ಅಳೆದು ಕೂಡಿದರೆ ಕಾಗದದಲ್ಲಿ ಇರುವುದಕ್ಕಿಂತ ಕಡಿಮೆಯೇ ಬರುತ್ತದೆ, ಜಗಳಕ್ಕೆ ಹೋಗಬೇಡಿ. ಒಳಗೋಡೆಗಳ ಒಟ್ಟು ಉದ್ದ 80 ಅಡಿ, ದಪ್ಪ 5 ಇಂಚು ಎಂದರೆ 33 ಚದರ ಅಡಿ ಗೋಡೆಯಲ್ಲೇ ಇದೆ. ಅದನ್ನು ಸೇರಿಸಿದ ಮೇಲೂ ಕೊರತೆಯಿದ್ದರೆ ಮಾತಾಡಿ.

ಬಿಲ್ಡರಿಂದ ಹೊಸ ಫ್ಲ್ಯಾಟ್ ಪಡೆಯುವವರು ಸ್ವಾಧೀನ ಪತ್ರಕ್ಕೆ ಸಹಿ ಹಾಕುವ ಮುಂಚೆ ಪಟ್ಟಿ ಮಾಡಿ ಕೊಡಿ. ರೇರಾದ 14ನೇ ಕಲಂ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ರಚನೆಯ, ಕೆಲಸದ ಗುಣಮಟ್ಟದ ದೋಷ ತಿಳಿಸಿದರೆ 30 ದಿನಗಳಲ್ಲಿ ಹಣ ಪಡೆಯದೆ ಸರಿಪಡಿಸಿ ಕೊಡಬೇಕು. ಮೊದಲು ಕೊಂಡವರಿಂದ ಆಮೇಲೆ ಕೊಂಡವರನ್ನೂ ಆ ಕಾಯ್ದೆಯ ‘ಅಲಾಟಿ’ (ಮನೆ ಪಡೆದವರು) ಎಂಬ ವ್ಯಾಖ್ಯೆ ಒಳಗೊಳ್ಳುತ್ತದೆ. ಹಾಗಾಗಿ ನಾಲ್ಕು ವರ್ಷ ಹಳೆಯ ಫ್ಲ್ಯಾಟ್ ಕೊಳ್ಳುವವರು ಮಾರುವವರಿಂದ ಅವರ ಮೂಲ ಸ್ವಾಧೀನ ಪತ್ರ ಕೇಳಿ ತೆಗೆದುಕೊಳ್ಳಿ, ಇನ್ನೆಷ್ಟು ತಿಂಗಳು ಉಳಿದಿದೆ ಎಂದು ಲೆಕ್ಕ ಹಾಕಿ. ಆದರೆ 500 ಚದರ ಮೀಟರಿಗಿಂತ ಚಿಕ್ಕ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿಲ್ಲದ ಯೋಜನೆಗೆ ರೇರಾ ನೋಂದಣಿ ಕಡ್ಡಾಯವಿಲ್ಲ. ಮೂವತ್ತು ನಲವತ್ತರ ಸೈಟು ಸುಮಾರು 111 ಚದರ ಮೀಟರ್. ಅದರ ಮೇಲೆ ಎದ್ದ ನಾಲ್ಕು ಮಹಡಿಯ ಮನೆಗಳಲ್ಲಿ ಒಂದನ್ನು ಕೊಳ್ಳುತ್ತಿದ್ದರೆ ನಿಮ್ಮ ಪರಿಶೀಲನೆಯೂ ಕರಾರೂ ಎರಡು ಪಟ್ಟು ಬಿಗಿ ಇರಲಿ.

ವರದಿ ಬಂದ ಮೇಲೆ ನಲವತ್ತು ದೋಷಗಳನ್ನೂ ಹಿಡಿದು ಮಾರುವವರ ಮುಂದೆ ಕೂರಬೇಡಿ. ಬಾಗಿಲ ಹಿಡಿ, ಟೈಲ್ಸಿನ ಗೀರು ಬಿಟ್ಟುಬಿಡಿ. ಕಟ್ಟಡದ ಗಟ್ಟಿತನ, ನೀರು, ಕರೆಂಟು, ಈ ಮೂರರಲ್ಲಿ ಉಳಿದದ್ದಕ್ಕೆ ಇಬ್ಬರು ಕೆಲಸಗಾರರಿಂದ ಲಿಖಿತ ಅಂದಾಜು ತನ್ನಿ. ಮಾರುವವರೇ ಮಾಡಿಸಿಕೊಡುತ್ತಾರೋ ಬೆಲೆಯಲ್ಲಿ ಕಳೆಯುತ್ತಾರೋ ಕರಾರಿನಲ್ಲೇ ಬರೆಯಿರಿ. ನನ್ನನ್ನು ಕೇಳಿದರೆ ಬಚ್ಚಲಿನ ಕೆಲಸಕ್ಕೆ ಬೆಲೆ ಕಳೆದುಕೊಂಡು ನೀವೇ ಮಾಡಿಸುವುದು ಮೇಲು; ಮನೆ ಬಿಟ್ಟು ಹೋಗುವವರು ತರಾತುರಿಯಲ್ಲಿ ಮಾಡಿಸಿದ ಜಲನಿರೋಧಕಕ್ಕೆ ನಿಂತು ನೋಡುವವರು ಇರುವುದಿಲ್ಲ. ಮನೆಯಲ್ಲೇ ಉಳಿಯುವ ಗೀಸರ್, ಫ್ಯಾನ್, ಚಿಮಣಿ, ಇನ್ವರ್ಟರ್‌ಗಳ ಪಟ್ಟಿಯೂ ಕರಾರಿಗೆ ಸೇರಲಿ, ಮಾದರಿ ಸಂಖ್ಯೆ ಸಮೇತ. ನೋಂದಣಿಯ ದಿನ ಬೆಳಿಗ್ಗೆ ಆ ಪಟ್ಟಿ ಹಿಡಿದು ಇನ್ನೊಂದು ಸುತ್ತು ಬನ್ನಿ. ಹೊರಡುವಾಗ ಕರೆಂಟ್ ಮೀಟರ್, ನೀರಿನ ಮೀಟರ್ ಎರಡರ ಅಂಕಿ ಬರೆದು, ಕೆಳಗೆ ಇಬ್ಬರೂ ಸಹಿ ಹಾಕಿ, ಆಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ.